ಎಲೆಗೆ ಬೆಲೆ ಕಟ್ಟುವವರಾರು?

ಎಲೆಯಾಟದ ವಿಷಯವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರೆಯುವುದೆಂದರೆ ಹಿರಿಯರು ಹುಬ್ಬು ಗಂಟಿಕ್ಕಿಯಾರು. ಎಲೆ ಎಂದೊಡನೆ ಜೂಜು, ಜೂಜು ಎಂದೊಡನೆ ಧರ್ಮರಾಯ, ಧರ್ಮರಾಯ ಎಂದೊಡನೆ ವನವಾಸ – ಹೀಗೆ ನಮ್ಮವರ ಯೋಚನೆ ಓಡುತ್ತದೆ. ಆದರೆ ನಾನು ಹೇಳಹೊರಟಿರುವ ಎಲೆಗಳಲ್ಲಿ ಇಸ್ಪೀಟು ಆಟೀನುಗಳಿಲ್ಲ; ಮಾಂತ್ರಿಕರು, ಭೂತಗಳು, ಸಿಡಿಲು, ಕಾಡು, ಹೆಬ್ಬಾವು ಇವೆ. ರಿಚರ್ಡ್ ಗಾರ್‌ಫೀಲ್ಡ್ ಎಂಬ ಅಮೆರಿಕದ ಗಣಿತಜ್ಞರು ಕಲ್ಪಿಸಿ, ೧೯೯೩ರ ಆಗಸ್ಟಿನಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು ಅಚ್ಚುಹಾಕಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ ಅದು. (ಮೊದಲ ನಿಯಮಪುಸ್ತಕದಲ್ಲಿ ಎಲೆಯನ್ನೇ ಪಣವಾಗಿಡುವ ಪದ್ಧತಿ ಇತ್ತೆಂಬುದನ್ನು ಮುಚ್ಚಿಡಲಾರೆ, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಟ್ಟರು.) ನಮ್ಮ ವಿದ್ಯಾರ್ಥಿನಿಲಯದಲ್ಲಿ ನಾವು ಕೆಲವರು ಅದರ ನಿಯಮಗಳನ್ನು ಮಾತ್ರ ಇಟ್ಟುಕೊಂಡು, ಎಲೆಗಳನ್ನು ರಟ್ಟಿನ ಮೇಲೆ ನಾವೇ ಬರೆದು ಆಡುತ್ತೇವೆ.

ಸ್ವಂತ ಎಲೆಗಳನ್ನು ಕಲ್ಪಿಸುವ ಹವ್ಯಾಸ ಪರದೇಶದ್ದೆಂದು ಯಾರೂ ಮೂಗು ಮುರಿಯಬೇಕಾಗಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಹತ್ತಾರು ಹೊಸ ಬಗೆಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಬರೆಸಿಟ್ಟರು. ದೊರೆಗೆ ಚಿತ್ರಕಾರರಿದ್ದರು, ನಮಗೆ ಬಣ್ಣದ ಪೆನ್ಸಿಲುಗಳಿವೆ. ವ್ಯತ್ಯಾಸ ಅಷ್ಟೇ ಎಂದು ಹೇಳಿಕೊಳ್ಳುವಷ್ಟು ಧೈರ್ಯ ನನಗಿಲ್ಲ, ಇರಲಿ.

ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಇಬ್ಬರು ಆಟಗಾರರು, ಒಬ್ಬೊಬ್ಬರಿಗೂ ೨೦ರ ಆಯುಸ್ಸು. ಅದು ಸೊನ್ನೆಗೆ ಇಳಿದವನು ಸೋತ. ಪ್ರತಿಯೊಬ್ಬನೂ ತನಗೆ ಬೇಕಾದ ಎಲೆಗಳನ್ನು ಆರಿಸಿ ಕನಿಷ್ಠ ೬೦ ಎಲೆಗಳ ಕಟ್ಟನ್ನು ತಾನೇ ಕಟ್ಟಿಕೊಂಡು ಬರುತ್ತಾನೆ. ಮೊದಲು ಏಳು ಎಲೆ ಕೈಗೆ, ಆಮೇಲೆ ಸರದಿಗೊಂದು. ನೆಲದ ಎಲೆಗಳನ್ನು ಸರದಿಗೊಂದರಂತೆ ಹಾಸಬಹುದು. ಅವು ‘ಮಾನಾ’ ಎಂಬ ಮಂತ್ರಶಕ್ತಿಯನ್ನು ಕೊಡುತ್ತವೆ. ಉಳಿದ ಎಲೆಗಳ ಮೂಲೆಯಲ್ಲಿ ಅವುಗಳ ಬೆಲೆ ಇಷ್ಟು ಮಾನಾ ಎಂದು ಬರೆದಿರುತ್ತದೆ. ಜೀವಿಗಳಿಗೆ ಎರಡು ಅಂಕಿಗಳು: ಮೊದಲನೆಯದು ಹೊಡೆತ, ಎರಡನೆಯದು ತಾಳಿಕೆ. ಈ ಲೇಖನಕ್ಕೆ ಇಷ್ಟು ಸಾಕು.

ಎಲೆಯನ್ನು ಹೊಸದಾಗಿ ಬರೆಯುವವನಿಗೆ ಎದುರಾಗುವ ಮೊದಲನೆಯ ಪ್ರಶ್ನೆ ಮೂಲೆಯ ಆ ಬೆಲೆ. ಇದು ಲೆಕ್ಕದ ಮಾತೆಂದು ಅನೇಕರು ತಿಳಿದಿದ್ದಾರೆ. ಹೊಡೆತಕ್ಕೆ ಇಷ್ಟು, ತಾಳಿಕೆಗೆ ಇಷ್ಟು, ಹಾರುವ ಶಕ್ತಿಗೆ ಇಷ್ಟು ಎಂದು ಕೂಡಿಸಿದರೆ ಬೆಲೆ ತಾನಾಗಿ ಸಿಕ್ಕುತ್ತದೆಂದು ಅವರ ನಂಬಿಕೆ. ೧೯೯೩ರ ಮೊದಲ ಮುದ್ರಣದ ಐದು ಎಲೆಗಳನ್ನು ಅವರ ಮುಂದಿಡಬೇಕೆನ್ನಿಸುತ್ತದೆ. ಐದು ಬಣ್ಣಗಳಿಗೆ ಒಂದೊಂದರಂತೆ ಐದು; ಪ್ರತಿಯೊಂದಕ್ಕೂ ಬೆಲೆ ಒಂದೇ ಮಾನಾ; ಪ್ರತಿಯೊಂದೂ ಕೊಡುವುದು ಯಾವುದಾದರೂ ಮೂರು. ಬಿಳಿಯ ‘ಹೀಲಿಂಗ್ ಸಾಲ್ವ್’ ಮೂರು ಆಯುಸ್ಸನ್ನು ಕೊಡುತ್ತದೆ. ಕೆಂಪಿನ ‘ಲೈಟ್ನಿಂಗ್ ಬೋಲ್ಟ್’ ಮೂರರ ಪೆಟ್ಟು ಹಾಕುತ್ತದೆ. ಹಸಿರಿನ ‘ಜೈಂಟ್ ಗ್ರೋತ್’ ಒಂದು ಜೀವಿಯ ಹೊಡೆತ ತಾಳಿಕೆಗಳನ್ನು ಆ ಸರದಿಯ ಮಟ್ಟಿಗೆ ಮೂರು ಮೂರು ಹೆಚ್ಚಿಸುತ್ತದೆ. ಕಪ್ಪಿನ ‘ಡಾರ್ಕ್ ರಿಚುಯಲ್’ ಒಂದು ಮಾನಾ ತೆಗೆದುಕೊಂಡು ಮೂರು ಮಾನಾ ಕೊಡುತ್ತದೆ. ನೀಲಿಯ ‘ಆನ್ಸೆಸ್ಟ್ರಲ್ ರೀಕಾಲ್’ ಮೂರು ಎಲೆಗಳನ್ನು ಕೈಗೆ ತರುತ್ತದೆ.

ಕಾಗದದ ಮೇಲೆ ಇದಕ್ಕಿಂತ ನ್ಯಾಯವಾದ ಹಂಚಿಕೆ ಇಲ್ಲ. ಆದರೆ ಆಡಿ ನೋಡಿ. ಮೂರು ಆಯುಸ್ಸೆಂದರೆ ಸಾಧಾರಣ ಜೀವಿಯೊಂದರ ಒಂದು ಏಟು. ಒಂದು ಸರದಿಯಲ್ಲಿ ತೀರಿಹೋಗುತ್ತದೆ. ಮೂರು ಎಲೆಯೆಂದರೆ? ಸರದಿಗೊಂದೇ ಎಲೆ ಸಿಕ್ಕುವ ಆಟದಲ್ಲಿ ಅದು ಮೂರು ಸರದಿಗಳ ಸಂಪಾದನೆ. ಆ ಮೂರರಲ್ಲಿ ಸಿಡಿಲೂ ಇರಬಹುದು, ಹೆಬ್ಬಾವೂ ಇರಬಹುದು. ನೀಲಿಯ ಎಲೆ ೧೯೯೪ರ ಜನವರಿಯಲ್ಲೇ ಕಟ್ಟಿಗೆ ಒಂದೇ ಎಂಬ ನಿರ್ಬಂಧಕ್ಕೆ ಸಿಕ್ಕಿತು. ಹಳೆಯ ಎಲೆಗಳನ್ನೆಲ್ಲ ಒಪ್ಪುವ ‘ವಿಂಟೇಜ್’ ಪಂದ್ಯಗಳಲ್ಲಿ ಇಂದಿಗೂ ಹಾಗೆಯೇ ಇದೆ. ಬಿಳಿಯದನ್ನು ಪಂದ್ಯಗಳಲ್ಲಿ ಕೇಳುವವರಿಲ್ಲ. ಬೆಲೆ ಒಂದೇ, ಸಂಖ್ಯೆ ಒಂದೇ, ಯೋಗ್ಯತೆಯಲ್ಲಿ ಆನೆಗೂ ಆಡಿಗೂ ಇರುವ ಅಂತರ.

ಗಾರ್‌ಫೀಲ್ಡರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಐದರಲ್ಲಿ ನೀಲಿಯದೊಂದನ್ನೇ ವಿರಳವಾಗಿ ಅಚ್ಚುಹಾಕಿಸಿದ್ದರು. ಜನ ಒಂದೆರಡು ಪೊಟ್ಟಣ ಕೊಂಡು ತಮ್ಮ ಗೆಳೆಯರೊಡನೆ ಆಡಿಕೊಳ್ಳುತ್ತಾರೆ, ಪ್ರಬಲವಾದ ಎಲೆ ಒಂದು ಊರಿಗೆ ಒಂದೋ ಎರಡೋ ಇರುತ್ತದೆ ಎಂಬುದು ಅಂದಿನ ಎಣಿಕೆ. ಜನ ಪೆಟ್ಟಿಗೆಗಟ್ಟಲೆ ಕೊಂಡರು. ಆಗ ವಿರಳತೆಯ ಬೇಲಿ ಬಡವನನ್ನು ಮಾತ್ರ ತಡೆಯಿತು. ಅದೇ ಕಾಲದ ‘ಬ್ಲ್ಯಾಕ್ ಲೋಟಸ್’ ಎಂಬ ಎಲೆಯ ಒಂದು ಪ್ರತಿ ೨೦೨೧ರ ಜನವರಿಯಲ್ಲಿ ಐದು ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು. ದುಡ್ಡಿದ್ದವನ ಎಲೆ ಗೆಲ್ಲುವುದಾದರೆ ಆಟವೇಕೆ, ಇಬ್ಬರ ಪಾಸ್‌ಬುಕ್ಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಲದೆ?

ನಮ್ಮ ಕೈಬರಹದ ಎಲೆಗಳಲ್ಲಿ ಈ ಬೇಲಿಯೂ ಇಲ್ಲ. ರಟ್ಟು ಎಲ್ಲರಿಗೂ ಒಂದೇ ದರ. ಯಾರು ಬೇಕಾದರೂ ಯಾವ ಎಲೆಯನ್ನು ಬೇಕಾದರೂ ನಿಯಮದ ಮಿತಿಯಾದ ನಾಲ್ಕು ಪ್ರತಿಗಳವರೆಗೆ ಬರೆದುಕೊಳ್ಳಬಹುದು. ಆದ್ದರಿಂದ ಎಲೆಯ ಭಾರವೆಲ್ಲ ಎಲೆಯೊಳಗೇ ಇರಬೇಕು. ಇದನ್ನು ನಾನು ದೊಡ್ಡ ಅನುಕೂಲವೆಂದೇ ಭಾವಿಸುತ್ತೇನೆ. ಆದರೆ ಆ ಭಾರವನ್ನು ತೂಗುವವರು ಯಾರು?

ನಮ್ಮಲ್ಲೊಬ್ಬ ಗೆಳೆಯ ‘ಬೇತಾಳ’ ಎಂಬ ಎಲೆಯನ್ನು ಬರೆದ. ಬೆಲೆ ಎರಡು ಮಾನಾ. ಹೊಡೆತ ಎರಡು, ತಾಳಿಕೆ ಒಂದು. ‘ಇದು ಸತ್ತರೆ ಒಡೆಯನ ಕೈಗೆ ಮರಳುತ್ತದೆ’ ಎಂಬ ಒಂದು ವಾಕ್ಯ. ಅಂಕಿಗಳನ್ನು ನೋಡಿದರೆ ಏನೂ ಹೆಚ್ಚಿಲ್ಲ. ಕಥೆಗೂ ಒಪ್ಪುತ್ತದೆ: ಎಷ್ಟು ಸಲ ಹೊತ್ತು ತಂದರೂ ಮರಳಿ ಮರಕ್ಕೇ ಹೋಗುವುದು ಬೇತಾಳನ ಧರ್ಮವಷ್ಟೆ. ಆಟಕ್ಕಿಳಿಸಿದ ಮೇಲೆ ತಮಾಷೆ ಕಂಡಿತು. ಎದುರಾಳಿ ಎಂಥ ದೈತ್ಯನನ್ನು ಕಳಿಸಿದರೂ ಬೇತಾಳ ಅಡ್ಡ ನಿಲ್ಲುತ್ತದೆ, ಸಾಯುತ್ತದೆ, ಕೈಗೆ ಬರುತ್ತದೆ, ಎರಡು ಮಾನಾ ಕೊಟ್ಟರೆ ಮತ್ತೆ ನಿಲ್ಲುತ್ತದೆ. ಬೇತಾಳನಿಂದ ಗೆಲುವೂ ಆಗದು, ಬೇತಾಳನನ್ನು ದಾಟಿ ಹೋಗಲೂ ಆಗದು. ಒಂದು ಆಟ ಊಟದ ಗಂಟೆ ಹೊಡೆದ ಮೇಲೂ ಮುಗಿಯಲಿಲ್ಲ. ಎಲೆಯ ಒಡೆಯನಿಗೆ ಬಹಳ ಸಂತೋಷ. ಎದುರು ಕೂತವನು ಆಕಳಿಸುತ್ತಿದ್ದ.

ಬೆಲೆ ಏರಿಸಿ ಎಂದರು ಕೆಲವರು. ಮೂರು ಮಾಡಿ ನೋಡಿದೆವು, ನಾಲ್ಕೂ ಮಾಡಿ ನೋಡಿದೆವು. ಅದೇ ಬೇಸರ ಎರಡು ಸರದಿ ತಡವಾಗಿ ಬಂತು, ಅಷ್ಟೆ. ಕೊನೆಗೆ ಬೆಲೆಯನ್ನು ಮೊದಲಿನಂತೆ ಎರಡಕ್ಕೇ ಇಳಿಸಿ, ‘ಇದು ಅಡ್ಡ ನಿಲ್ಲಲಾರದು’ ಎಂಬ ಮಾತನ್ನು ಸೇರಿಸಿದಾಗ ಎಲೆ ಹದಕ್ಕೆ ಬಂತು. ಸತ್ತು ಸತ್ತು ಮುನ್ನುಗ್ಗುವ ಬೇತಾಳ ಆಟವನ್ನು ಮುಗಿಸುತ್ತದೆ. ಸತ್ತು ಸತ್ತು ಬಾಗಿಲು ಕಾಯುವ ಬೇತಾಳ ಆಟವನ್ನು ಕೊಲ್ಲುತ್ತದೆ. ಅಚ್ಚಿನ ಎಲೆಗಳನ್ನು ಆಮೇಲೆ ನೋಡಿದರೆ, ೨೦೦೯ರ ‘ಬ್ಲಡ್‌ಗಾಸ್ಟ್’, ೨೦೧೨ರ ‘ಗ್ರೇವ್‌ಕ್ರಾಲರ್’ ಎಂಬ ಮರಳಿ ಬರುವ ಭೂತಗಳೆರಡಕ್ಕೂ ಇದೇ ಕಟ್ಟಳೆ ಬರೆದಿದೆ.

ಈ ನಡುವೆ ಒಬ್ಬ ರಸಿಕ ಇನ್ನೊಂದು ಸೂಚನೆ ಕೊಟ್ಟಿದ್ದ: ಒಡೆಯ ಬಾಯಿ ಬಿಟ್ಟು ಒಂದು ಮಾತಾಡಿದರೂ ಬೇತಾಳ ಕೈಬಿಟ್ಟು ಹೋಗಬೇಕು. ವಿಕ್ರಮನ ಮೌನಕ್ಕೆ ಇದಕ್ಕಿಂತ ಚೆಂದದ ಅನುವಾದವಿಲ್ಲ! ಆದರೆ ೨೦೦೪ರ ‘ಅನ್‌ಹಿಂಜ್ಡ್’ ಎಂಬ ಹಾಸ್ಯದ ಸಂಪುಟದಲ್ಲಿ ‘ಗಾಚಾ’ ಎಂಬ ಹೆಸರಿನಿಂದ ಇಂಥದನ್ನೇ ಮಾಡಿದ್ದರು. ಎದುರಾಳಿ ಇಂಥ ಮಾತು ಆಡಿದರೆ, ನಕ್ಕರೆ ನಮ್ಮ ಎಲೆ ನಮ್ಮ ಕೈಗೆ ಮರಳುವುದು. ಫಲವೇನು? ನಗಿಸಲೆಂದು ಬರೆದ ಆಟದಲ್ಲಿ ಜನ ತುಟಿ ಬಿಗಿದು ಕೂತರು. ಅದನ್ನು ರಚಿಸಿದ ಮಾರ್ಕ್ ರೋಸ್‌ವಾಟರ್ ಅವರೇ ಅದು ತಪ್ಪಾಯಿತೆಂದು ಬರೆದಿದ್ದಾರೆ. ಕಟ್ಟಳೆ ಕಥೆಗೆ ಒಪ್ಪಿದರೆ ಸಾಲದು, ಮೇಜಿನ ಸುತ್ತ ಕೂತ ಮನುಷ್ಯರಿಗೂ ಒಪ್ಪಬೇಕು.

ಸಂಬಳ ಪಡೆದು ಇದನ್ನೇ ವೃತ್ತಿಯಾಗಿ ಮಾಡುವವರೂ ಎಡವಿರುವುದುಂಟು. ೨೦೦೪ರ ಫೆಬ್ರುವರಿಯಲ್ಲಿ ಬಂದ ‘ಸ್ಕಲ್‌ಕ್ಲಾಂಪ್’ ಎಂಬ ಆಯುಧವನ್ನು ಜೀವಿಗೆ ತೊಡಿಸಲು ಒಂದು ಮಾನಾ. ತೊಟ್ಟ ಜೀವಿ ಸತ್ತರೆ ಒಡೆಯನಿಗೆ ಎರಡು ಎಲೆ. ಮೊದಲು ಇದು ಹೊಡೆತಕ್ಕೆ ಒಂದನ್ನೂ ತಾಳಿಕೆಗೆ ಎರಡನ್ನೂ ಕೂಡಿಸುತ್ತಿತ್ತು. ಅಚ್ಚಿಗೆ ಹೋಗುವ ಹೊತ್ತು ಹತ್ತಿರವಾದಾಗ ತಾಳಿಕೆಯನ್ನು ಕೂಡಿಸುವ ಬದಲು ಒಂದು ಕಳೆಯುವಂತೆ ತಿದ್ದಿದರು. ನೋಡುವವರಿಗೆ ಇದು ದಂಡನೆ. ಆದರೆ ತಾಳಿಕೆ ಒಂದೇ ಇರುವ ಬಡಪಾಯಿ ಜೀವಿಗೆ ಇದನ್ನು ತೊಡಿಸಿದರೆ ಅದು ಆ ಕ್ಷಣವೇ ಸಾಯುತ್ತದೆ, ಒಡೆಯನಿಗೆ ಒಂದು ಮಾನಾಕ್ಕೆ ಎರಡು ಎಲೆ ಸಿಕ್ಕುತ್ತವೆ. ದಂಡನೆಯೇ ವರವಾಯಿತು. ಆ ವರ್ಷ ಜೂನಿನಲ್ಲೇ ‘ಸ್ಟ್ಯಾಂಡರ್ಡ್’ ಪಂದ್ಯಗಳಿಂದ ಅದನ್ನು ಬಹಿಷ್ಕರಿಸಿದರು. ಇಪ್ಪತ್ತು ವರ್ಷಗಳ ಮೇಲೆ, ೨೦೨೪ರ ಜೂನಿನಲ್ಲಿ ಬಂದ ‘ನಾಡು’ ಎಂಬ ಹಕ್ಕಿಯ ಕಥೆಯೂ ಇದೇ: ಕೊನೆಗಳಿಗೆಯ ತಿದ್ದುಪಡಿ, ಮತ್ತೆ ಆಡಿ ನೋಡಲಿಲ್ಲ, ಆಗಸ್ಟಿನಲ್ಲಿ ‘ಮಾಡರ್ನ್’ ಪಂದ್ಯಗಳಿಂದ ಬಹಿಷ್ಕಾರ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಎಲೆಯ ತೂಕವನ್ನು ಹೇಳಬೇಕಾದವನು ಅದನ್ನು ಬರೆದವನಲ್ಲ, ಹಿಡಿದವನೂ ಅಲ್ಲ. ಅದರ ಎದುರು ಕೂತವನು. ಹೊಸ ಎಲೆಯನ್ನು ಬರೆದವನು ಅದನ್ನು ಎದುರಾಳಿಯ ಕಟ್ಟಿನಲ್ಲಿಟ್ಟು, ಕಡಿಮೆಯೆಂದರೆ ಮೂರು ಸಂಜೆ ತಾನೇ ಅದರ ಏಟು ತಿನ್ನಬೇಕು. ಅಂಕಿ ಒಂದನ್ನು ತಿದ್ದಿದರೂ ಮತ್ತೆ ಮೂರು ಸಂಜೆ. ಸೋತಾಗ ‘ನಾನು ಹೀಗೆ ಆಡಿದ್ದರೆ ತಪ್ಪಿಸಿಕೊಳ್ಳಬಹುದಿತ್ತು’ ಎಂದು ಅನ್ನಿಸಿದರೆ ಎಲೆ ಉಳಿಯಲಿ. ಏನು ಆಡಿದ್ದರೂ ಅಷ್ಟೆ ಎನ್ನಿಸಿದರೆ ಅದಕ್ಕೆ ಕೂಡಿಸು-ಕಳೆಯುವ ಲೆಕ್ಕ ಎಷ್ಟೇ ಸರಿಯಾಗಿರಲಿ, ರಬ್ಬರನ್ನು ಕೈಗೆತ್ತಿಕೊಳ್ಳಬೇಕು.

ಹೀಗೆ ಎಲ್ಲವನ್ನೂ ಒರೆಗೆ ಹಚ್ಚುತ್ತ ಕೂತರೆ ಎಲೆಗಳೆಲ್ಲ ಸಪ್ಪೆಯಾಗುವುವೆಂದು ನಮ್ಮಲ್ಲೇ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಎಲ್ಲ ಎಲೆಗಳೂ ಒಂದೇ ಬಲದವಾದರೆ ಕಟ್ಟನ್ನು ಆರಿಸಿ ಕಟ್ಟುವ ಜಾಣತನಕ್ಕೆ ಕೆಲಸವಿರದು. ಒಂದು ಮಾನಾಕ್ಕೆ ಮೂರರ ಪೆಟ್ಟು ಹಾಕುವ ಸಿಡಿಲು ನಿಶ್ಚಯವಾಗಿಯೂ ಪ್ರಬಲವಾದ ಎಲೆ; ಅದನ್ನು ಯಾರೂ ಸಪ್ಪೆಯೆನ್ನರು, ಎದುರು ಕೂತವರು ಅದನ್ನು ಶಪಿಸಿಯೂ ಆಟ ಬಿಟ್ಟೇಳುವುದಿಲ್ಲ. ಆಯುಸ್ಸು ಹದಿನೇಳಕ್ಕೆ ಇಳಿದರೂ ಅವರಿಗೆ ಮಾಡುವುದಕ್ಕೆ ಇನ್ನೂ ಏನಾದರೂ ಉಳಿದಿರುತ್ತದೆ. ಬಲವನ್ನು ನಾನು ಬೇಡವೆನ್ನುವುದಿಲ್ಲ. ಎದುರಾಳಿಯ ಸರದಿಯನ್ನೇ ನಿರರ್ಥಕ ಮಾಡುವ ಬಲ ಬೇಡ.

ಸದ್ಯ ನಮ್ಮ ಮೇಜಿನ ಮೇಲೆ ತೀರ್ಮಾನವಾಗದೆ ಉಳಿದಿರುವುದು ‘ಓಬವ್ವ’. ಹೊಡೆತ ಒಂದು, ತಾಳಿಕೆ ಮೂರು. ‘ಎದುರಾಳಿಯ ಜೀವಿ ಒಂಟಿಯಾಗಿ ದಾಳಿಗೆ ಬಂದರೆ ಅದು ನಾಶವಾಗುತ್ತದೆ’. ಚಿತ್ರದುರ್ಗದ ಕಿಂಡಿಯನ್ನು ಇಷ್ಟು ಚಿಕ್ಕದಾಗಿ ಹೇಳಿದ ಗೆಳತಿಯ ಜಾಣ್ಮೆಗೆ ನಾನು ತಲೆದೂಗಿದೆ. ಆದರೆ ನನ್ನದು ಹಸಿರು ಕಟ್ಟು. ಒಂದೇ ಒಂದು ದೊಡ್ಡ ಪ್ರಾಣಿಯನ್ನು ಬೆಳೆಸಿ ನುಗ್ಗಿಸುವುದು ನನ್ನ ದಾರಿ. ಮೂರು ಸಂಜೆ ಓಬವ್ವನ ಎದುರು ಕೂತು ಮೂರು ಸಂಜೆಯೂ ಸೋತಿದ್ದೇನೆ. ಪುಟ್ಟ ಜೀವಿಗಳನ್ನು ಹಿಂಡುಹಿಂಡಾಗಿ ಕಳಿಸುವ ಇನ್ನೊಬ್ಬನಿಗೆ ಆಕೆ ಇದ್ದಾಳೆಂಬುದೇ ತಿಳಿಯಲಿಲ್ಲ. ಅವನು ಬೆಲೆ ಎರಡೇ ಸಾಕೆನ್ನುತ್ತಾನೆ, ನಾನು ಐದು ಎನ್ನುತ್ತೇನೆ. ಬರೆದವಳು ಮೂಲೆಯಲ್ಲಿ ಪೆನ್ಸಿಲಿನಿಂದ ಮೂರು ಎಂದು ಹಾಕಿ, ಬರುವ ಸೋಮವಾರದಿಂದ ತಾನೇ ಹಸಿರು ಕಟ್ಟನ್ನು ಹಿಡಿದು ಕೂರುವುದಾಗಿ ಹೇಳಿದ್ದಾಳೆ.