ಮೇಣಗಾಗದದ ಮೇಲೆ ಹಂಪಿ
ಮದ್ರಾಸ್ ಸೇನೆಯ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಅವಶೇಷಗಳನ್ನು ಚಿತ್ರಿಸಿದ್ದು ಬೆಳ್ಳಿಯ ಲವಣ ಲೇಪಿಸಿದ ಕಾಗದವನ್ನೇ ನೆಗೆಟಿವ್ ಆಗಿ ಬಳಸುವ, ಕ್ಯಾಲೊಟೈಪ್ ಎಂಬ ವಿಧಾನದಿಂದ. ಮೇಣ ಸವರಿದ ಕಾಗದವು ಬೆಳಕನ್ನು ಚೆನ್ನಾಗಿ ಹಾಯಿಸುತ್ತಿದ್ದುದಲ್ಲದೆ, ಮೊದಲೇ ಸಿದ್ಧಪಡಿಸಿಕೊಂಡು ದೂರಕ್ಕೆ ಒಯ್ಯಲು ಗಾಜಿನ ಫಲಕಗಳಿಗಿಂತ ಹಗುರವೂ ಆಗಿದ್ದುದರಿಂದ ಅಂದಿನ ಪ್ರವಾಸಿ ಛಾಯಾಗ್ರಾಹಕರಿಗೆ ಅದು ಒಗ್ಗಿತ್ತು. ಕಾಗದದ ಮೇಲೆ ಬೆಳಕು ಬೀಳಬೇಕಾದ ಅವಧಿ, ಎಂದರೆ ಒಡ್ಡಿಕೆಯ ಕಾಲ, ದೀರ್ಘವಾಗಿದ್ದುದರಿಂದ ಅಲುಗಾಡದ ಕಲ್ಲಿನ ಕಟ್ಟಡಗಳು ಈ ವಿಧಾನಕ್ಕೆ ತಕ್ಕ ವಸ್ತುಗಳಾದವು. ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಅಂದು ಉಳಿದಿದ್ದು, ಮುಂದೆ ಇಲ್ಲವಾದ ಇಟ್ಟಿಗೆಯ ಶಿಖರವು ಈ ಚಿತ್ರಗಳಲ್ಲಿ ಕಾಣುತ್ತದೆ. 1983ರಲ್ಲಿ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಿಂದ ತೆಗೆದ ಚಿತ್ರಗಳೊಡನೆ ಇವನ್ನು ಹೋಲಿಸಿದರೆ ಕುಸಿತ, ಜೀರ್ಣೋದ್ಧಾರಗಳೆರಡರ ಇತಿಹಾಸವೂ ಓದಲು ದೊರೆಯುತ್ತದೆ.