ಸಂಕಮ್ಮನ ಹಾಡಿನಲ್ಲಿ ಸಂಕಮ್ಮ ಎಲ್ಲಿ?

ಇಲ್ಲಿ ಏನೂ ಬರೆಯದೆ ಬಹಳ ದಿನವಾಗಿತ್ತು. ಕಳೆದ ವಾರ ಊರಿಗೆ ಹೋಗಿ ಬಂದೆ ನೋಡಿ, ಒಂದು ಹಾಡು ತಲೆಯಲ್ಲಿ ಕೂತುಬಿಟ್ಟಿದೆ. ಬರೆದು ಹಾಕದಿದ್ದರೆ ಎದ್ದು ಹೋಗುವ ಹಾಗೆ ಕಾಣುತ್ತಿಲ್ಲ.

ಮೈಸೂರಿನಿಂದ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಕೆ.ಆರ್.ಪೇಟೆಗೆ ಹೋಗುವ ಬಸ್ಸು. ಪಾಂಡವಪುರ ದಾಟುವಾಗ ಮುಂದೊಂದು ಕಬ್ಬಿನ ಟ್ರ್ಯಾಕ್ಟರು ಸಿಕ್ಕಿಕೊಂಡಿತು. ಹಿಂದೆ ಹಾಕೋಣ ಅಂದರೆ ಜಾಗವಿಲ್ಲ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರಿಗೆ ಬ್ರೇಕು ಸರಿಯಿಲ್ಲದಿದ್ದರೂ ಹೇಗೋ ನಡೆಯುತ್ತೆ, ಸ್ಪೀಕರ್ ಇಲ್ಲದಿದ್ದರೆ ಮಾತ್ರ ಡ್ರೈವರ್ ಹತ್ತುವುದೇ ಇಲ್ಲ! ಅದರಲ್ಲಿ ಗಟ್ಟಿಯಾಗಿ 'ಕೋಲುಮಂಡೆ ಜಂಗಮ' ಬರುತ್ತಿತ್ತು. 'ಜನುಮದ ಜೋಡಿ' ಚಿತ್ರದ್ದು, 1996ರದ್ದು. ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟ ಹಾಡು. ಶಾಸ್ತ್ರಿಯವರು 2017ರಲ್ಲಿ ಹೋಗಿಬಿಟ್ಟರು, ಹಾಡು ಮಾತ್ರ ಇನ್ನೂ ಟ್ರ್ಯಾಕ್ಟರ್ ಹತ್ತಿಕೊಂಡು ತಿರುಗುತ್ತಿದೆ.

ಹಿಂದಿನ ಸೀಟಿನಲ್ಲಿ ಇಬ್ಬರು ಕಾಲೇಜು ಹುಡುಗರು. ಒಬ್ಬ, "ಲೋ, ಇದ್ರದ್ದು ರ‍್ಯಾಪ್ ಬಂದಿತ್ತಲ್ವೇನ್ಲಾ, ಚಂದನ್ ಶೆಟ್ಟಿದು?" ಅಂದ. ಇನ್ನೊಬ್ಬ, "ಗಲಾಟೆ ಆಗಿ ತಗ್ದಾಕ್ಬುಟ್ರು ಕಣ್ಲಾ" ಅಂದ. ಅಷ್ಟೇ. ಆಮೇಲೆ ಅವರ ಮಾತು ಕ್ರಿಕೆಟ್ಟಿಗೆ ಹೋಯಿತು, ನನ್ನ ತಲೆ ಅಲ್ಲೇ ಉಳಿಯಿತು.

ನೆನಪಿಲ್ಲದವರಿಗೆ ಒಂದೆರಡು ಮಾತು. ಚಂದನ್ ಶೆಟ್ಟಿ ಹಾಸನ ಜಿಲ್ಲೆಯ ಹುಡುಗ. ಅರ್ಜುನ್ ಜನ್ಯ ಅವರ ಬಳಿ ಕೆಲಸ ಮಾಡಿ, ಆಮೇಲೆ 'ತ್ರೀ ಪೆಗ್' ಥರದ ಹಾಡುಗಳಿಂದ ಹೆಸರು ಮಾಡಿ, 2018ರ ಜನವರಿಯಲ್ಲಿ ಬಿಗ್ ಬಾಸ್ ಐದನೇ ಸೀಸನ್ ಗೆದ್ದವರು. ಸಿನಿಮಾದ ಹಂಗಿಲ್ಲದೆ ಸ್ವಂತ ಹಾಡು ಮಾಡಿದರೂ ಕನ್ನಡದಲ್ಲಿ ಜನ ಕೇಳ್ತಾರೆ ಅಂತ ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು, ಅದನ್ನು ಒಪ್ಪಲೇಬೇಕು. 2020ರ ಗಣೇಶನ ಹಬ್ಬಕ್ಕೆ ಅವರ 'ಕೋಲುಮಂಡೆ' ಬಂತು. ಎರಡು ಮೂರು ದಿನದಲ್ಲೇ ಮಾದಪ್ಪನ ಒಕ್ಕಲಿನವರು ಸಿಟ್ಟಿಗೆದ್ದರು. ಶರಣೆ ಸಂಕಮ್ಮನನ್ನು ವಿಡಿಯೋದಲ್ಲಿ ತೋರಿಸಿದ ರೀತಿ, ಆ ಉಡುಗೆ, ಆ ಕುಣಿತ ಯಾವುದೂ ಸರಿಯಿಲ್ಲ ಅಂತ. ಚಂದನ್ ಕ್ಷಮೆ ಕೇಳಿದರು, ವಿಡಿಯೋ ತೆಗೆದರು. ಕೊರೋನಾ ಕಾಲ ಬೇರೆ, ಎಲ್ಲರೂ ಮನೆಯಲ್ಲೇ ಇದ್ದರು, ಬೈಯಲಿಕ್ಕೆ ಎಲ್ಲರಿಗೂ ಪುರುಸೊತ್ತಿತ್ತು.

ನಾನೂ ಆಗ ಊರಲ್ಲೇ ಇದ್ದೆ, ಕೆ.ಆರ್.ಪೇಟೆ ತಾಲೂಕಿನ ನಮ್ಮ ದೊಡ್ಡವ್ವನ ಮನೆಯಲ್ಲಿ. ಮೊಬೈಲಿನಲ್ಲಿ ಆ ಹಾಡು ಹಾಕಿ ಅವಳಿಗೆ ಕೇಳಿಸಿದ್ದೆ. ದೊಡ್ಡವ್ವ ಅವರೆಕಾಯಿ ಸುಲಿಯುತ್ತಾ ಪೂರ್ತಿ ಕೇಳಿದಳು. ಸಿಟ್ಟು ಮಾಡಿಕೊಳ್ಳಲಿಲ್ಲ. "ಚೆಂದಾಗದೆ ಕಣ್ಲಾ, ಕುಣಿಯಂಗೆ ಆಯ್ತದೆ. ಆದ್ರೆ ಸಂಕಮ್ಮುನ್ ಆಡು ಕೇಳುದ್ರೆ ಅಳ ಬರ್ಬೇಕಲ್ವಾ ಮಗ?" ಅಂದಳು.

ಐದಾರು ವರ್ಷದಲ್ಲಿ ಈ ಹಾಡಿನ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಆ ಒಂದು ಮಾತಿನಷ್ಟು ಸರಿಯಾಗಿ ಹೇಳಿಲ್ಲ.

ಸಂಕಮ್ಮನ ಕಥೆ ಗೊತ್ತಿಲ್ಲದವರೂ ಇದ್ದೀರಿ ಅಂತ ಗೊತ್ತು (ಕರಾವಳಿ, ಮಲೆನಾಡಿನ ಗೆಳೆಯರೇ, ನಿಮಗೇ ಹೇಳ್ತಿರೋದು). ಮಲೆ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅದು ಒಂದೇ ಉದ್ದದ ಕಥೆಯಲ್ಲ, 'ಸಾಲು'ಗಳಾಗಿ ಇದೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಹೀಗೆ. ಸಂಕಮ್ಮನ ಸಾಲು ಅದರಲ್ಲೊಂದು. ಗಂಡ ನೀಲೇಗೌಡ ಕಾಡಿಗೆ ಹೊರಟವನು, ನಾನು ಬರುವ ತನಕ ಶೀಲವಾಗಿ ಇರ್ತೀನಿ ಅಂತ ಬಲಗೈ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಕಟ್ಟಿಕೊಂಡ ಹೆಂಡತಿಯ ಹತ್ತಿರ ಭಾಷೆ ಕೇಳುವುದೇ ತಪ್ಪು ಅನ್ನುತ್ತಾಳೆ. ಅವನು ಕೊಡಬಾರದ ಹಿಂಸೆ ಕೊಡುತ್ತಾನೆ, ಅವಳನ್ನು ದಿಗ್ಬಂಧನದಲ್ಲಿಟ್ಟು ಹೋಗುತ್ತಾನೆ. ಆಗ ಮಾದಪ್ಪ ಜಂಗಮನ ವೇಷದಲ್ಲಿ ಅವಳ ಬಾಗಿಲಿಗೆ ಬರುತ್ತಾನೆ. ಮಕ್ಕಳಿಲ್ಲದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಅಂತ ಇಬ್ಬರು ಮಕ್ಕಳಾಗುತ್ತಾರೆ. ಹಾಡುವವರಿಂದ ಹಾಡುವವರಿಗೆ ವಿವರ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ಆದರೆ ಭಾಷೆ ಕೊಡುವುದಿಲ್ಲ ಅನ್ನುವ ಆ ಜಾಗ ಮಾತ್ರ ಬದಲಾಗುವುದಿಲ್ಲ. ನಮ್ಮ ದೊಡ್ಡವ್ವನಂಥವರು ಕಣ್ಣು ಒರೆಸಿಕೊಳ್ಳುವುದು ಅಲ್ಲಿ.

ಈಗ ಹೇಳಿ, ನಾಲ್ಕು ನಿಮಿಷದ ಹಾಡಿನಲ್ಲಿ ಇದು ಎಲ್ಲಿ ಹಿಡಿಸುತ್ತೆ? ಚಂದನ್ ಹಾಡಿಗೆ ನನ್ನ ದೂರು ಇದೇ. ಬಟ್ಟೆ ಅಲ್ಲ. ತಾಳ ಒಳ್ಳೆಯದಿತ್ತು, ಆ ಹಳೇ ಸೊಲ್ಲನ್ನು ಡ್ರಮ್ಮಿನ ಮೇಲೆ ಕೂರಿಸಬಹುದು ಅಂತ ಹೊಳೆದದ್ದೂ ಒಳ್ಳೆಯದೇ. ಪಬ್ಬು, ಪೆಗ್ಗು, ಚಾಕಲೇಟು ಬಿಟ್ಟು ಒಬ್ಬ ರ‍್ಯಾಪರ್ ಮಾದಪ್ಪನ ಕಡೆ ತಿರುಗಿ ನೋಡಿದ ಅನ್ನುವುದೇ ನನಗೆ ಖುಷಿ ಕೊಟ್ಟಿತ್ತು. ಆದರೆ ಕಥೆಯ ಹೊಟ್ಟೆಯನ್ನೇ ತೆಗೆದಿಟ್ಟು ಮೇಲಿನ ಹೆಸರು ಮಾತ್ರ ಉಳಿಸಿಕೊಂಡ ಹಾಗಾಯಿತು. ಸಂಕಮ್ಮ ಅಲ್ಲಿ ಕುಣಿತಕ್ಕೆ ಜೊತೆಯಾದಳು, ಅಷ್ಟೇ. ಅವಳು ಏನಂದಳು ಅನ್ನುವುದು ಇಲ್ಲ.

ಇನ್ನು ಗಲಾಟೆ ಮಾಡಿದವರ ವಿಷಯ. ಮಾದಪ್ಪ ಮನೆದೇವರು ಆದವರಿಗೆ ನೋವಾಗುತ್ತೆ, ಅದನ್ನು ನಾನು ತಮಾಷೆ ಮಾಡುವುದಿಲ್ಲ. ನಮ್ಮ ಮನೆಯಲ್ಲೇ ಸೋಮವಾರ ಕಂಸಾಳೆಯವರಿಗೆ ರಾಗಿ ಹಾಕದೆ ಅಡುಗೆ ಒಲೆ ಹಚ್ಚುತ್ತಿರಲಿಲ್ಲ. ಆದರೆ ಆ ವಾರ ಬಂದ ಕಾಮೆಂಟುಗಳನ್ನು ಓದುತ್ತಾ ಹೋದಾಗ ನನಗೆ ಒಂಥರಾ ಆಯಿತು. ಸಂಕಮ್ಮ ಹೀಗೆ ಸೀರೆ ಉಡಬೇಕಿತ್ತು, ಹೀಗೆ ತಲೆ ತಗ್ಗಿಸಬೇಕಿತ್ತು, ಶೀಲವಂತೆ ಅಂತ ನೋಡಿದ ಕೂಡಲೇ ಗೊತ್ತಾಗಬೇಕಿತ್ತು... ಇದನ್ನೇ ಅಲ್ಲವೇ ನೀಲೇಗೌಡ ಕೇಳಿದ್ದು? ಬಲಗೈ ಭಾಷೆ ಕೊಡು ಅಂತ? ಅವಳು ಕೊಡಲ್ಲ ಅಂದದ್ದಕ್ಕೇ ತಾನೇ ಅವಳು ಸಂಕಮ್ಮ ಆದದ್ದು? ಹಾಡು ಮಾಡಿದವರೂ ಅವಳ ಮಾತು ಕೇಳಿಸಿಕೊಳ್ಳಲಿಲ್ಲ, ಹಾಡಿಗೆ ಬೈದವರೂ ಕೇಳಿಸಿಕೊಳ್ಳಲಿಲ್ಲ. (ಇದಕ್ಕೆ ನನಗೂ ಬೈಯುವವರಿದ್ದರೆ ಬೈಯಿರಿ, ಪರವಾಗಿಲ್ಲ. ಸಾಲನ್ನು ಒಮ್ಮೆ ಪೂರ್ತಿ ಕೇಳಿ ಬಂದು ಬೈಯಿರಿ.)

'ರ‍್ಯಾಪ್ ನಮ್ಮದಲ್ಲ, ಅದಕ್ಕೇ ಹೀಗಾಯಿತು' ಅನ್ನುವವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಂಸಾಳೆಯವರು ಹಾಡುತ್ತಾ ಹಾಡುತ್ತಾ ನಡುವೆ ರಾಗ ಬಿಟ್ಟು, ಒಂದೇ ಉಸಿರಿನಲ್ಲಿ ಕಥೆಯನ್ನು ದಬದಬ ಹೇಳಿಕೊಂಡು ಹೋಗುತ್ತಾರಲ್ಲ, ಅದೇನು? ಪಕ್ಕದವನು ಪ್ರತಿ ಮಾತಿಗೂ ಹೂಂಗುಟ್ಟುತ್ತಾನಲ್ಲ, ಅದನ್ನೇ ಅಮೆರಿಕದವರು 'ಆಡ್‌ಲಿಬ್' ಅಂತ ಕರೆದು ಮೈಕಿನಲ್ಲಿ ರೆಕಾರ್ಡ್ ಮಾಡುತ್ತಾರೆ! ನಾಗಮಂಗಲ ತಾಲೂಕಿನವರೇ ಆದ ಜೀಶಂಪ ಊರೂರು ಅಲೆದು ಇವರ ಹಾಡುಗಳ ಬಗ್ಗೆ ಬರೆದರು. ಅದೇ ತಾಲೂಕಿನ ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಜಾನಪದ ಲೋಕವನ್ನೇ ಕಟ್ಟಿದರು. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯವನ್ನು ಇಡಿಯಾಗಿ ಬರೆದಿಟ್ಟು ಅಚ್ಚು ಹಾಕಿಸಿದರು. ನಮ್ಮ ರ‍್ಯಾಪರುಗಳಿಗೆ ಬೇಕಾದ ಸರಕು ಸಿದ್ಧವಾಗಿ ಬಿದ್ದಿದೆ, ನ್ಯೂಯಾರ್ಕಿಗೆ ಹೋಗಬೇಕಿಲ್ಲ.

ತೊಂದರೆ ಇರುವುದು ಒಂದೊಂದೇ ಹಾಡು ಬಿಡುವ ಅಭ್ಯಾಸದಲ್ಲಿ ಅಂತ ನನಗನ್ನಿಸುತ್ತೆ. ಹಬ್ಬಕ್ಕೊಂದು ಹಾಡು, ವಿಡಿಯೋ, ಇಷ್ಟು ಮಿಲಿಯನ್ ವ್ಯೂ ಅಂತ ಪೋಸ್ಟರ್, ಮುಗೀತು. ಆಲ್ಬಂ ಮಾಡುವ ತಾಳ್ಮೆ ಕಮ್ಮಿ. ರ‍್ಯಾಪಿನ ಕಥೆ ನಿಲ್ಲುವುದು ಆಲ್ಬಂನಲ್ಲೇ. ಲಾರಿನ್ ಹಿಲ್ ಫ್ಯೂಜೀಸ್ ಗುಂಪು ಬಿಟ್ಟು 1998ರಲ್ಲಿ ತನ್ನ ಮೊದಲ ಸ್ವಂತ ಆಲ್ಬಂ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಮಾಡಿದಳು, ಕೇಳಿದ್ದೀರಾ? ಅದರಲ್ಲಿ 'ಟು ಝಯನ್' ಅಂತ ಒಂದು ಹಾಡಿದೆ, ಗಿಟಾರು ಕಾರ್ಲೋಸ್ ಸಂತಾನಾದು. ಬಸುರಿಯಾದಾಗ ಸುತ್ತಲಿನವರು 'ನಿನ್ನ ವೃತ್ತಿ ನೋಡಿಕೋ' ಅಂದರೂ ಕೇಳದೆ ಮಗನನ್ನು ಹೆತ್ತ ಕಥೆ. ಹಿಂದೆ ಮುಂದೆ ಬೇರೆ ಹಾಡುಗಳು ಇರುವುದರಿಂದಲೇ, ಅವುಗಳಲ್ಲಿ ಅವಳ ಸಿಟ್ಟು, ಮೋಸ ಹೋದದ್ದು ಎಲ್ಲ ಕೇಳಿರುವುದರಿಂದಲೇ, ಇಲ್ಲಿಗೆ ಬಂದಾಗ ಗಂಟಲು ಕಟ್ಟುತ್ತೆ. ನಮ್ಮ ಸಂಕಮ್ಮನ ಸಾಲೂ ಹಾಗೇ, ರಾತ್ರಿಯ ಬೇರೆ ಸಾಲುಗಳ ನಡುವೆ ಬರುತ್ತೆ. ದೋಷ ಇಲ್ಲ ಅಂತಲ್ಲ. ಎಪ್ಪತ್ತು ನಿಮಿಷದ ಮೇಲಾಗುತ್ತೆ, ಕೊನೆಕೊನೆಗೆ ಎಳೆಯುತ್ತೆ, ನಡುನಡುವೆ ಬರುವ ಶಾಲಾ ಮಕ್ಕಳ ಮಾತು ಎರಡನೇ ಸಲ ಕೇಳುವಾಗ ಬೇಜಾರು. ಜೊತೆಗೆ ದುಡಿದ ನಾಲ್ವರು ನಮ್ಮ ಹೆಸರು ಸರಿಯಾಗಿ ಹಾಕಿಲ್ಲ ಅಂತ ಕೋರ್ಟಿಗೆ ಹೋದರು, 2001ರಲ್ಲಿ ರಾಜಿಯಾಯಿತು. ಐದು ಗ್ರ್ಯಾಮಿ ಬಂತು, ಆದರೆ ಅವಳಿಂದ ಎರಡನೇ ಸ್ಟುಡಿಯೋ ಆಲ್ಬಂ ಮಾತ್ರ ಬರಲೇ ಇಲ್ಲ.

ಅಷ್ಟು ದೂರ ಬೇಡ ಅಂದರೆ ಪಕ್ಕದ ತಮಿಳುನಾಡಿನ ಅರಿವು ಇದ್ದಾರೆ. 2021ರ 'ಎಂಜಾಯ್ ಎಂಜಾಮಿ'ಯಲ್ಲಿ, ಶ್ರೀಲಂಕಾದ ಚಹಾ ತೋಟದಲ್ಲಿ ದುಡಿದ ತನ್ನ ಅಜ್ಜಿ ವಳ್ಳಿಯಮ್ಮನ ಮಾತು, ಅಳು ಎಲ್ಲ ತಂದರು. ಅದು ಕುಣಿಯುವ ಹಾಡೇ, ಆದರೂ ಅಜ್ಜಿ ಅದರಲ್ಲಿ ಕಳೆದುಹೋಗಲಿಲ್ಲ. ಆಮೇಲೆ ಪತ್ರಿಕೆಯೊಂದರ ಮುಖಪುಟದಲ್ಲಿ ಅರಿವು ಅವರನ್ನೇ ಬಿಟ್ಟರು ಅಂತ ಗಲಾಟೆಯಾದದ್ದು ಬೇರೆ ಕಥೆ. 2024ರಲ್ಲಿ ತಮ್ಮ ಸ್ವಂತ ಆಲ್ಬಂಗೆ 'ವಳ್ಳಿಯಮ್ಮ ಪೇರಾಂಡಿ', ಅಂದರೆ ವಳ್ಳಿಯಮ್ಮನ ಮೊಮ್ಮಗ, ಅಂತಲೇ ಹೆಸರಿಟ್ಟರು. ನಮ್ಮಲ್ಲೂ ಚರಣ್ ರಾಜ್ 'ಸಲಗ'ದಲ್ಲಿ ಸಿದ್ದಿ ಸಮುದಾಯದ ಹಾಡುಗಾರರನ್ನೇ ಕರೆದು ಹಾಡಿಸಿದರು, ಕೇಳಿದವರಿಗೆ ವ್ಯತ್ಯಾಸ ಗೊತ್ತಾಗುತ್ತೆ. ಕೋಲುಮಂಡೆಗೂ ಒಬ್ಬ ದೇವರಗುಡ್ಡನನ್ನು ಕೂರಿಸಿಕೊಂಡು, ಅಣ್ಣಾ ಇದರಲ್ಲಿ ಯಾವುದನ್ನು ಬಿಡಬಾರದು ಅಂತ ಒಂದು ಮಾತು ಕೇಳಿದ್ದರೆ...

ಇರಲಿ. ಬರೆಯಲು ಹೊರಟದ್ದು ಇನ್ನೊಂದು ಇದೆ.

ನಾಗಮಂಗಲದಲ್ಲಿ ನಮ್ಮ ಚಿಕ್ಕಮ್ಮನ ಮಗಳ ಮಗ ಇದ್ದಾನೆ, ಹತ್ತೊಂಬತ್ತು ವರ್ಷ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ರ‍್ಯಾಪ್ ಕಟ್ಟುತ್ತಾನೆ. ಹೋದ ವರ್ಷ ಅವನಿಗೆ ಸಂಕಮ್ಮನ ಸಾಲು ಓದಲು ಕೊಟ್ಟಿದ್ದೆ. ಈ ಸಲ ಕೆ.ಆರ್.ಪೇಟೆಗೆ ನಾನು ಬಂದಿದ್ದೇನೆ ಅಂತ ಬಸ್ ಹತ್ತಿ ಬಂದ. "ಮಾವ, ಆಲ್ಬಂ ಮಾಡ್ತಾ ಇವ್ನಿ, ಆರು ಸಾಲು. ನಾಕಾಗದೆ" ಅಂದ. ಟ್ರ್ಯಾಕ್ ಅನ್ನಲಿಲ್ಲ, ಸಾಲು ಅಂದ! ನನಗೆ ಅಲ್ಲೇ ಅರ್ಧ ಖುಷಿ.

ಕೇಳಿದೆ. ಮೊದಲನೆಯದು ಬರೀ ಜಂಬ, ನಾನು ಹಂಗೆ ನಾನು ಹಿಂಗೆ ಅಂತ. ಕಿತ್ತು ಬಿಸಾಕು ಅಂದೆ, ಮುಖ ಸಣ್ಣ ಮಾಡಿಕೊಂಡ. ಎರಡನೆಯದರಲ್ಲಿ ಟಿವಿಯವರ ಕನ್ನಡ, ಎಲ್ಲ ಹಕಾರವೂ ನೆಟ್ಟಗೆ. ಮನೆಯಲ್ಲಿ 'ಓಯ್ತೀನಿ' ಅನ್ನುವವನು ಮೈಕ್ ಮುಂದೆ 'ಹೋಗುತ್ತೇನೆ' ಅಂದರೆ ಬೇರೆ ಯಾರೋ ಬಂದು ಹೇಳಿದ ಹಾಗಿರುತ್ತೆ. ಮೂರನೆಯದು ಬೆಳಗ್ಗೆ ಕಬ್ಬು ಕಡಿಯಲು ಹೋಗುವವರ ಬಗ್ಗೆ, ಅದು ಪರವಾಗಿಲ್ಲ, ಬೀಟ್ ಮಾತ್ರ ಎಲ್ಲಿಂದಲೋ ಇಳಿಸಿಕೊಂಡದ್ದು. ನಾಲ್ಕನೆಯದು ಸಂಕಮ್ಮ. ತಾಳಕ್ಕೆ ಕಂಸಾಳೆಯ ಸದ್ದು ಸಿಗದೆ ಅಡುಗೆಮನೆಯ ಎರಡು ಸ್ಟೀಲ್ ತಟ್ಟೆ ಬಡಿದು ರೆಕಾರ್ಡ್ ಮಾಡಿದ್ದಾನೆ. ಗುಡಿಸಲ ಒಳಗೆ ಕೂತ ಸಂಕಮ್ಮನೇ ಮಾತಾಡುವ ಹಾಗೆ ಬರೆದಿದ್ದಾನೆ, ಪೂರ್ತಿ ನಾಗಮಂಗಲದ ಮಾತಿನಲ್ಲಿ. ಭಾಷೆ ಕೊಡಲ್ಲ ಅನ್ನುವ ಕಡೆ ತಟ್ಟೆಯ ಸದ್ದು ನಿಂತುಬಿಡುತ್ತೆ. ನಾನು ಏನೂ ಹೇಳದೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

"ಅಜ್ಜಿಗೆ ಕೇಳ್ಸು" ಅಂದೆ. ಹೆದರಿದ. ಆಮೇಲೆ ಹಜಾರದಲ್ಲಿ ದೊಡ್ಡವ್ವನ ಪಕ್ಕ ಕೂತು ಕೇಳಿಸಿದ. ಅವಳಿಗೆ ಕಿವಿ ಈಗ ಸ್ವಲ್ಪ ಮಂದ, ಮೊಬೈಲನ್ನು ಕಿವಿಗೇ ಹಿಡಿದುಕೊಂಡಳು. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂದಳು. ಅದೂ ಮುಗಿಯಿತು.

"ಏಟ್ ಬಿರ್ರನೆ ಯೋಳೀಯೋ ನೀನು... ಆದ್ರೂ ಅವ್ಳು ಏನಂದ್ಲು ಅಂತ ತಿಳೀತು. ಆಮೇಕೆ ಅವ್ನು ಕಾಡಿಂದ ಬಂದ್ಮೇಲೆ ಏನಂದ? ಅದ್ಯಾಕ್ಲಾ ಬುಟ್ಟಿದ್ದೀ?"

"ಅದು ಐದ್ನೇ ಸಾಲು ಅಜ್ಜಿ, ಇನ್ನೂ ಬರ್ದಿಲ್ಲ" ಅಂದ.

"ಬೇಗ ಬರೀ ಮತ್ತೆ" ಅಂದಳು.