ಹೊಲ ಒಂದೇ, ನಕ್ಷೆ ಇಲಾಖೆಗೊಂದು

ದಿಶಾಂಕ್ ಆ್ಯಪ್ ತೆರೆದು ಬದುವಿನ ಮೇಲೆ ನಿಂತರೆ ಸಾಕು, ಸರ್ವೆ ನಂಬರ್ ಮೊಬೈಲಿನಲ್ಲೇ ಕಾಣುತ್ತದೆ. ಒಳ್ಳೆಯದೇ. ಆದರೆ ಅದೇ ಹೊಲ ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕಾಡಿನೊಳಗೆ ಬಿದ್ದಿದ್ದರೆ? ಪಹಣಿಯಲ್ಲಿ ರೈತರ ಹೆಸರಿರುತ್ತದೆ. ಪೋಡಿಗೆ ಅರ್ಜಿ ಹಾಕಿದರೆ ಅರಣ್ಯದವರ ಅಭಿಪ್ರಾಯ ಬರಲಿ ಎನ್ನುತ್ತಾರೆ. ಅಲ್ಲಿಗೆ ಹೋದರೆ ಜಂಟಿ ಸರ್ವೆ ಆಗಲಿ ಎನ್ನುತ್ತಾರೆ. ಎರಡು ಕಚೇರಿಗಳ ನಡುವೆ ಚಪ್ಪಲಿ ಸವೆಯುವುದು ಮಾತ್ರ ರೈತರದ್ದು.

ಈ ವ್ಯತ್ಯಾಸಕ್ಕೆ ಕಾರಣವಿದೆ. ನಮ್ಮ ಹಳೆಯ ಗ್ರಾಮ ನಕ್ಷೆಗಳು ಸರಪಳಿ ಹಿಡಿದು ಅಳೆದು ಬರೆದವು. ಅವುಗಳಲ್ಲಿ ಅಕ್ಷಾಂಶ, ರೇಖಾಂಶ ಇರಲಿಲ್ಲ. ಅವನ್ನು ಸ್ಕ್ಯಾನ್ ಮಾಡಿ ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಕೂರಿಸಿದ್ದಾರೆ. ಹಾಗೆ ಕೂರಿಸುವಾಗ ಗೆರೆ ಅಷ್ಟಿಷ್ಟು ಸರಿಯುತ್ತದೆ. ಕಾಡಿನ ಗಡಿಯ ಮೂಲವೇ ಬೇರೆ, ಅದು ಅಧಿಸೂಚನೆಯಲ್ಲಿ ಬರೆದ ಗಡಿ ವಿವರಣೆ. ಬೆಂಗಳೂರಿನ ಪರದೆಯ ಮೇಲೆ ಇದೆಲ್ಲ ಸಣ್ಣ ವ್ಯತ್ಯಾಸ. ಹೊಲದಲ್ಲಿ ಹಾಗಲ್ಲ. ಒಂದು ಸರಪಳಿ ಎಂದರೆ 33 ಅಡಿ, ಸುಮಾರು 10 ಮೀಟರ್. ಚೌಕಾಕಾರದ ಒಂದು ಎಕರೆಯಲ್ಲಿ ಒಂದು ಬದಿಯ ಗೆರೆ ಅಷ್ಟು ಒಳಗೆ ಸರಿದರೆ ಆರು ಗುಂಟೆ ಹೋಯಿತು!

ಇನ್ನೊಂದು ತೊಡಕೂ ಇದೆ. 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಸೆಕ್ಷನ್ 4 ಎಂದರೆ ಮೀಸಲು ಅರಣ್ಯ ಮಾಡುವ ಉದ್ದೇಶದ ಪ್ರಕಟಣೆ ಅಷ್ಟೇ. ಜನರ ಹಕ್ಕುಗಳ ವಿಚಾರಣೆ ಮುಗಿದ ಮೇಲೆ ಸೆಕ್ಷನ್ 17ರಲ್ಲಿ ಅಂತಿಮವಾಗುತ್ತದೆ. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹಸಿರು ಬಳಿದರೆ, ನಡೆಯದ ವಿಚಾರಣೆಯೂ ಮುಗಿದಂತೆ ಕಾಣುತ್ತದೆ.

ಇಲಾಖೆಗಳ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಲು ರಾಜ್ಯದಲ್ಲಿ ಕೆ-ಜಿಐಎಸ್ ವ್ಯವಸ್ಥೆ ಇದೆ. ಆದರೆ ಎರಡು ಗೆರೆ ಹೊಂದದಿದ್ದಾಗ ಯಾವುದು ಸರಿ ಎಂದು ಕಂಪ್ಯೂಟರ್ ಹೇಳುವುದಿಲ್ಲ. ಅದನ್ನು ನೆಲದ ಮೇಲೆ ನಿಂತೇ ತೀರ್ಮಾನಿಸಬೇಕು. ಕಂದಾಯ, ಅರಣ್ಯ, ಭೂಮಾಪನ ಮೂರೂ ಇಲಾಖೆಯವರು ಒಂದೇ ದಿನ ಊರಿಗೆ ಬರಲಿ. ಅಕ್ಕಪಕ್ಕದ ಹೊಲದವರ ಎದುರಿಗೆ ಟಿಪ್ಪಣಿ ಹಿಡಿದು ಅಳೆಯಲಿ, ಒಂದೇ ಹಾಳೆಗೆ ಸಹಿ ಹಾಕಲಿ. ತಿದ್ದಿದ ಗೆರೆ ಎಲ್ಲರ ನಕ್ಷೆಗೂ ಏರಲಿ. ಹೊಂದಾಣಿಕೆ ಎಂದು ನಾವು ಕೇಳುತ್ತಿರುವುದು ಇದನ್ನು, ಇನ್ನೊಂದು ಆ್ಯಪ್ ಅನ್ನಲ್ಲ. ಅಲ್ಲಿಯವರೆಗೆ ಒಂದು ಕಚೇರಿಗೆ ಬೇಕಾದ ಕಾಗದವನ್ನು ಇನ್ನೊಂದು ಕಚೇರಿಯಿಂದ ಅವರೇ ತರಿಸಿಕೊಳ್ಳಲಿ.

ಮುಂದಿನ ಗ್ರಾಮಸಭೆಯಲ್ಲಿ ನೀವೂ ಕೇಳಿ: ನಮ್ಮೂರಿನ ಕಾಡಿನ ಗಡಿ ಯಾವ ವರ್ಷದ ಅಧಿಸೂಚನೆಯದ್ದು, ಸೆಕ್ಷನ್ 4ರದ್ದೋ 17ರದ್ದೋ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.